ಅತ್ತೆಯ ಹೊಲಿಗೆ ಬಿಚ್ಚಿದವಳು

ಮದುವೆಯಾಗಿ ಆ ಮನೆಗೆ ಬಂದಾಗ ಸೊಸೆಗೆ ಹೊಲಿಗೆಯ ಗಂಧಗಾಳಿಯೂ ಇರಲಿಲ್ಲ. ಅಂಗಿಯ ಗುಂಡಿ ಕಿತ್ತುಹೋದರೆ ಪಿನ್ನು ಚುಚ್ಚಿಕೊಂಡು ಓಡಾಡುವ ಪೈಕಿ ಅವಳು. ಅತ್ತೆಯೋ, ಇಡೀ ಓಣಿಯ ಬಾಯಲ್ಲಿ ಚಿಂದಿ ಅಜ್ಜಿ. ಆ ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಆದರೆ ಹಾಗೆ ಕರೆಸಿಕೊಳ್ಳಲು ಅವರಿಗೇನೂ ಬೇಸರವಿರಲಿಲ್ಲ. "ಚಿಂದೀಲೇ ಮನೆಗೆಲ್ಲ ಉಡಿಸಿದ್ದೀನಿ, ಇನ್ನೇನಂತ ಕರೀಬೇಕು?" ಎನ್ನುತ್ತಿದ್ದರು.

ಮಾತು ಸುಳ್ಳಲ್ಲ. ಮೂರನೇ ಮಹಡಿಯ ಆ ಎರಡು ಕೋಣೆಯ ಮನೆಯಲ್ಲಿ ಕಾಲೊರೆಸುವ ಬಟ್ಟೆಯಿಂದ ಹಿಡಿದು ಕಿಟಕಿಯ ಪರದೆಯವರೆಗೆ ಎಲ್ಲವೂ ತುಂಡು ಬಟ್ಟೆಯದೇ. ಒಲೆಯ ಪಕ್ಕದಲ್ಲಿ ನೇತಾಡುವ ಮಸಿಬಟ್ಟೆಗೂ ಅಂಚು ಕಟ್ಟಿರುತ್ತಿತ್ತು. ಮಗ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವನ ಕೆಲಸದ ಪ್ಯಾಂಟಿನ ಮೊಣಕಾಲಿಗೆ ಅಮ್ಮ ಹಾಕಿದ ತೇಪೆ ಒಂದೊಂದು ಒಂದೊಂದು ಬಣ್ಣ. ಬಸ್ಸಿನ ಅಡಿಯಲ್ಲಿ ಯಾರು ಮಲಗಿದ್ದರೂ ಮುಖ ನೋಡಬೇಕಾಗಿಲ್ಲ, ಮೊಣಕಾಲು ನೋಡಿದರೆ ಇವನೇ ಎಂದು ಗೊತ್ತಾಗುತ್ತದೆ ಎಂದು ಡಿಪೋದವರು ನಗುತ್ತಿದ್ದರು. ಅವನೂ ನಗುತ್ತಿದ್ದ.

ಸೊಸೆಯ ಪಿನ್ನು ಒಂದು ದಿನ ಅತ್ತೆಯ ಕಣ್ಣಿಗೆ ಬಿತ್ತು. ಬೈಯಲಿಲ್ಲ. ಎದುರಿಗೆ ಮಣೆ ಹಾಕಿ ಕೂರಿಸಿದರು.

"ಪಕ್ಕದಲ್ಲಿ ಕೂತ್ಕೋಬೇಡ, ಎದುರಿಗೆ ಕೂತ್ಕೋ. ನಂದು ಎಡಗೈ ಹೊಲಿಗೆ. ಪಕ್ಕದಲ್ಲಿ ಕೂತರೆ ನಿನಗೆ ತಲೆಬುಡ ಅರ್ಥ ಆಗಲ್ಲ. ಕನ್ನಡಿ ನೋಡಿಕೊಂಡು ತಲೆ ಬಾಚ್ಕೊಳ್ಳಲ್ವಾ, ಹಾಗೆ ನೋಡ್ಕೊಂಡು ಮಾಡು."

ಅತ್ತೆ ಎಡಗೈಯಲ್ಲಿ ಸೂಜಿ ಎತ್ತಿದರೆ ಸೊಸೆ ಬಲಗೈಯಲ್ಲಿ ಎತ್ತುವಳು. ಹೀಗೇ ನಡೆಯಿತು ಪಾಠ. ಮೊದಲು ದಿಂಬಿನ ಚೀಲ, ಆಮೇಲೆ ಕೈಚೀಲ, ಆಮೇಲೆ ಗಂಡನಿಗೊಂದು ಅಂಗಿ. ಅಂಗಿಯ ಒಂದು ತೋಳು ಗಿಡ್ಡ, ಒಂದು ಉದ್ದ. ಗಂಡ ಗಿಡ್ಡ ತೋಳಿನ ಕಡೆ ಕೈಗಡಿಯಾರ ಕಟ್ಟಿಕೊಂಡು, "ಇದು ಟೈಮ್ ನೋಡೋಕೆ ಬಿಟ್ಟ ಜಾಗ" ಎಂದು ಹಾಕಿಕೊಂಡೇ ಹೋದ. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ತೋಳನ್ನು ಮಾತ್ರ ಅವರು ಸರಿಮಾಡಲು ಹೋಗಲಿಲ್ಲ. "ಅವಳು ಹೊಲಿದದ್ದು, ಅವಳೇ ಸರಿಮಾಡ್ಕೊಳ್ಳಲಿ" ಎಂದರು.

ಕಲಿತದ್ದು ಕೈಗೆ ಹತ್ತಿತು. ಮುಖ್ಯರಸ್ತೆಯ ಹೊಲಿಗೆ ಅಂಗಡಿಯಲ್ಲಿ ಸೊಸೆಗೆ ಕೆಲಸ ಸಿಕ್ಕಿತು. ಸೊಂಟ ಬಿಗಿ ಮಾಡುವುದು, ಉದ್ದ ಕಡಿಮೆ ಮಾಡುವುದು, ಜಿಪ್ ಬದಲಿಸುವುದು. ಬರಬರುತ್ತಾ ಅವಳ ಕೈ ಎಷ್ಟು ಪಳಗಿತೆಂದರೆ, ಎಲ್ಲಿ ಬಿಚ್ಚಿ ಎಲ್ಲಿ ಸೇರಿಸಿದಳು ಎಂದು ಬಟ್ಟೆ ತಂದವರಿಗೇ ತಿಳಿಯುತ್ತಿರಲಿಲ್ಲ. ಸಂಜೆ ಅಂಗಡಿಯಲ್ಲಿ ಉಳಿದ ತುಂಡುಗಳನ್ನೆಲ್ಲ ಚೀಲದಲ್ಲಿ ತುಂಬಿಕೊಂಡು ಬಂದು ಅತ್ತೆಯ ಮುಂದೆ ಸುರಿಯುವಳು. ಅತ್ತೆಗೂ ಮೊಮ್ಮಗಳಿಗೂ ಅದೇ ಸಂಭ್ರಮ. ಮೊಮ್ಮಗಳು ಹುಟ್ಟಿದಾಗ ಬೊಗಸೆಯಷ್ಟಿದ್ದಳು, ಅದಕ್ಕೇ ಗುಬ್ಬಿ ಎಂದು ಕರೆಯುತ್ತಿದ್ದರು. ಅಜ್ಜಿಯೂ ಗುಬ್ಬಿಯೂ ನೆಲದ ಮೇಲೆ ಕೂತು ಯಾವುದು ಫ್ರಾಕಿಗೆ, ಯಾವುದು ಗೊಂಬೆಗೆ ಎಂದು ಪಾಲು ಮಾಡುತ್ತಿದ್ದರು. ಜಗಳವೂ ಆಗುತ್ತಿತ್ತು. ಗೆಲ್ಲುತ್ತಿದ್ದದ್ದು ಗೊಂಬೆಯೇ.

ಗುಬ್ಬಿ ಶಾಲೆಗೆ ಹೋಗತೊಡಗಿದ ಮೇಲೆ ಅತ್ತೆಯ ಕಣ್ಣು ಮಂಜಾಯಿತು. ಮೊದಮೊದಲು ಅವರು ದೀಪವನ್ನು ದೂರಿದರು. "ಈ ಬಲ್ಬಿಗೆ ಜೀವವೇ ಇಲ್ಲ ಕಣೋ" ಎಂದಾಗಲೆಲ್ಲ ಮಗ ಕುರ್ಚಿ ಹತ್ತಿ ಬಲ್ಬು ಬದಲಿಸುತ್ತಿದ್ದ. ಕೊನೆಗೆ ಆ ಕೋಣೆ ಮದುವೆ ಛತ್ರದ ಹಾಗೆ ಬೆಳಗುತ್ತಿದ್ದರೂ ಅವರು ಸೂಜಿಯನ್ನು ಕಿಟಕಿಗೆ ಹಿಡಿದು ತಡಕಾಡುವುದು ತಪ್ಪಲಿಲ್ಲ. ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ಕಣ್ಣಿನ ನರವೇ ಸೊರಗುತ್ತಿದೆ, ಹೋದ ದೃಷ್ಟಿ ಮರಳುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಲು ಹನಿ ಹಾಕಿ ಎಂದರು. ಅತ್ತೆ ಹನಿ ಹಾಕಿಸಿಕೊಂಡರು. ಕಣ್ಣು ಕಾಣುತ್ತಿಲ್ಲ ಎಂದು ಮಾತ್ರ ಬಾಯಿಬಿಟ್ಟು ಒಮ್ಮೆಯೂ ಹೇಳಲಿಲ್ಲ. ಹೊಲಿಯುವುದನ್ನೂ ಬಿಡಲಿಲ್ಲ. ಬಣ್ಣ ಗುರುತು ಸಿಗದೆ ಕಂದಿನ ಪಕ್ಕ ಮತ್ತೆ ಕಂದೇ ಬಂದು ಕೂರುತ್ತಿತ್ತು, ಹೊಲಿಗೆ ಹಾವಿನ ಹಾಗೆ ಹರಿಯುತ್ತಿತ್ತು. ಮನೆಯವರು ಅದನ್ನೇ ಉಟ್ಟರು, ಅದನ್ನೇ ಹೊದ್ದರು, ಯಾರೂ ಚಕಾರ ಎತ್ತಲಿಲ್ಲ.

ಶಾಲೆಯ ವಾರ್ಷಿಕೋತ್ಸವದ ದಿನ ಅದು ನಡೆಯಿತು. ಗುಬ್ಬಿ ಗುಂಪಿನಲ್ಲಿ ಕುಣಿಯುವವಳಿದ್ದಳು. ಹಸಿರು ಲೈನಿಂಗಿನ ತುಂಡುಗಳನ್ನೆಲ್ಲ ಕೂಡಿಸಿ ಸುತ್ತಿದರೆ ಛತ್ರಿಯಂತೆ ಅರಳುವ ಸ್ಕರ್ಟನ್ನು ಅಜ್ಜಿ ಹೊಲಿದುಕೊಟ್ಟಿದ್ದರು. ವೇದಿಕೆಯ ಮೇಲೆ ಮೂರು ಸುತ್ತು ಸುತ್ತುವುದರೊಳಗೆ ಸೊಂಟದ ಹೊಲಿಗೆ ಸರ್ರನೆ ಬಿಟ್ಟುಕೊಂಡಿತು. ಗುಬ್ಬಿ ಎರಡೂ ಕೈಯಲ್ಲಿ ಸ್ಕರ್ಟ್ ಹಿಡಿದುಕೊಂಡು ನಿಂತಳು. ಮುಂದಿನ ಸಾಲಿನ ಮಕ್ಕಳು ನಕ್ಕರು, ಅವರನ್ನು ನೋಡಿ ದೊಡ್ಡವರೂ ನಕ್ಕರು. ಮಗು ಅಳುತ್ತಾ ಪರದೆಯ ಹಿಂದೆ ಓಡಿತು. ಕುರ್ಚಿಯಲ್ಲಿ ಕೂತಿದ್ದ ಸೊಸೆಯ ಮುಖ ಕೆಂಪಾಯಿತು. ಊರವರ ಬಟ್ಟೆಯನ್ನೆಲ್ಲ ಸರಿಮಾಡುವವಳ ಮಗಳ ಬಟ್ಟೆ ಹೀಗಾಯಿತಲ್ಲ ಎಂದು ಅವಳಿಗೆ ತಲೆ ಎತ್ತಲಾಗಲಿಲ್ಲ.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. "ಹೇಗಿತ್ತು? ಸುತ್ತಿದಾಗ ಅರಳಿತಾ?"

"ಚೆನ್ನಾಗಿ ಅರಳಿತು ಅತ್ತೆ" ಎಂದಳು ಸೊಸೆ.

ಆಮೇಲಿನ ದಿನಗಳಲ್ಲಿ ಅವಳು ಒಂದು ಉಪಾಯ ಮಾಡಿಕೊಂಡಳು. ಗುಬ್ಬಿ ಶಾಲೆಗೆ ಹಾಕಿಕೊಳ್ಳಲೆಂದು ಅತ್ತೆ ಏನೇ ಹೊಲಿದು ಮುಗಿಸಲಿ, "ಕೊಡಿ ಅತ್ತೆ, ಅಂಗಡೀಲಿ ಇಸ್ತ್ರಿ ಹಾಕ್ಕೊಂಡು ಬರ್ತೀನಿ" ಎಂದು ಚೀಲಕ್ಕೆ ಹಾಕಿಕೊಳ್ಳುವಳು. ಅಂಗಡಿಯಲ್ಲಿ ಊಟದ ಹೊತ್ತಿಗೆ ಮೂಲೆಯಲ್ಲಿ ಕೂತು ಬ್ಲೇಡಿನಿಂದ ಇಡೀ ಹೊಲಿಗೆ ಬಿಚ್ಚುವಳು, ಮತ್ತೆ ಹೊಲಿಯುವಳು. ಮಿಷನ್ನಿನಲ್ಲಿ ಹೊಡೆದರೆ ಗೊತ್ತಾದೀತೆಂದು ಕೈಯಲ್ಲೇ ಹೊಲಿಯುವಳು. ಬಣ್ಣ ಹೊಂದದ ತುಂಡಿದ್ದರೆ ಅದನ್ನೂ ತೆಗೆದು ಬೇರೆ ಸೇರಿಸುವಳು.

ಅಂಗಡಿಯ ಯಜಮಾನ ವಯಸ್ಸಾದವರು. ಒಂದೆರಡು ಸಲ ನೋಡಿದ ಮೇಲೆ ಕೇಳಿದರು. "ಅದು ನಿಮ್ಮ ಅತ್ತೆ ಹೊಲಿದದ್ದಲ್ವೇನಮ್ಮ? ಯಾಕೆ ಬಿಚ್ತಿದ್ದೀಯ?"

"ಸೊಟ್ಟಗಿದೆ ಸಾರ್."

"ಇದ್ದರೆ ಇರಲಿ ಬಿಡು. ಮನೇಲಿ ಹಾಕ್ಕೊಳ್ಳೋದು ತಾನೆ?"

"ಜನರ ಮುಂದೆ ಹರಿದುಹೋದಾಗ ನಿಂತ್ಕೊಳ್ಳೋದು ನನ್ನ ಮಗಳು ಸಾರ್, ನಿಮ್ಮ ಮಗಳಲ್ಲವಲ್ಲ."

ಅವರು ತಮ್ಮ ಕತ್ತರಿಯ ಕೆಲಸಕ್ಕೆ ತಿರುಗಿಕೊಂಡರು.

ಮೊದಲು ಗುಬ್ಬಿಯ ಶಾಲೆಯ ಬಟ್ಟೆಯಷ್ಟನ್ನೇ ಬಿಚ್ಚುತ್ತಿದ್ದಳು. ಬರಬರುತ್ತಾ ಗಂಡನ ಅಂಗಿ, ಹೊದಿಕೆ, ಕೊನೆಗೆ ಯಾರೂ ಕಣ್ಣೆತ್ತಿ ನೋಡದ ಕಾಲೊರೆಸುವ ಬಟ್ಟೆಯನ್ನೂ ಬಿಡಲಿಲ್ಲ. ಮಗುವಿನ ನೆಪ ಎಂದೋ ಮುಗಿದಿತ್ತು. ತನಗೆ ಸೂಜಿ ಹಿಡಿಯಲು ಕಲಿಸಿದವರ ಹೊಲಿಗೆಯನ್ನು ತಾನು ತಿದ್ದುತ್ತಿದ್ದೇನೆ ಎನ್ನುವುದರಲ್ಲಿ ಒಂದು ಹಿಗ್ಗಿತ್ತು. ಅದನ್ನು ಅವಳು ಆಗ ತನಗೇ ಹೇಳಿಕೊಂಡಿರಲಿಲ್ಲ. ಬಹಳ ಕಾಲದ ಮೇಲೆ, ಹೇಳಿಕೊಂಡು ಉಪಯೋಗವಿಲ್ಲದ ಹೊತ್ತಿನಲ್ಲಿ ಹೇಳಿಕೊಂಡಳು.

ಒಂದು ಭಾನುವಾರ ಮಧ್ಯಾಹ್ನ ಗುಬ್ಬಿ ಹೊಸ ಫ್ರಾಕ್ ಹಾಕಿಕೊಂಡು ಅಜ್ಜಿಯ ತೊಡೆಗೆ ಒರಗಿ ಕೂತಿದ್ದಳು. ಅಜ್ಜಿ ಮಾತಾಡುತ್ತಾ ಅವಳ ಬೆನ್ನು ಸವರುತ್ತಿದ್ದರು. ಕೈ ಅಂಚಿನ ಹತ್ತಿರ ಬಂದು ನಿಂತಿತು. ಹೆಬ್ಬೆರಳು ಹೊಲಿಗೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಓಡಾಡಿತು. ಗುಬ್ಬಿಯನ್ನು ಎಬ್ಬಿಸಿ ಅಂಚನ್ನು ತಿರುಗಿಸಿ ಮತ್ತೆ ಸವರಿದರು. ಎಡಗೈಯವರ ಹೊಲಿಗೆ ಓರೆಯಾಗುವುದು ಒಂದು ಕಡೆಗೆ, ಬಲಗೈಯವರದು ಇನ್ನೊಂದು ಕಡೆಗೆ. ಕಣ್ಣಿಗೆ ಕಾಣದ್ದು ಬೆರಳಿಗೆ ತಿಳಿಯುತ್ತದೆ ಎಂದು ಸೊಸೆಗೆ ಹೊಳೆದೇ ಇರಲಿಲ್ಲ.

"ಇಲ್ಲಿ ಬಾಮ್ಮ" ಎಂದು ಕರೆದರು. ಸೊಸೆ ಕೈ ಒರೆಸಿಕೊಂಡು ಬಂದಳು. "ಇದು ನೀನು ಹೊಲಿದದ್ದಾ?"

ಅವಳು ಒರೆಸಿದ್ದ ಕೈಯನ್ನೇ ಮತ್ತೆ ಸೆರಗಿಗೆ ಒರೆಸಿಕೊಂಡಳು.

"ಎಲ್ಲಾನೂ ಹೀಗೇನಾ?"

"ಅಲ್ಲೊಂದು ಇಲ್ಲೊಂದು ಬಿಟ್ಟುಕೊಂಡಿತ್ತು ಅತ್ತೆ, ಅದಕ್ಕೆ..."

ಅತ್ತೆ ಎದ್ದು ಗೋಡೆ ಹಿಡಿದುಕೊಂಡು ಬೀರುವಿನ ಹತ್ತಿರ ಹೋದರು. ಹೊದಿಕೆ ಎಳೆದು ಸವರಿದರು, ದಿಂಬಿನ ಕವರು ಸವರಿದರು, ಮಗನ ಅಂಗಿ ಸವರಿದರು. ಒಂದೊಂದನ್ನೂ ಸವರಿ, ಮಡಿಸಿ, ಮತ್ತೆ ಇದ್ದ ಜಾಗದಲ್ಲೇ ಇಟ್ಟರು. ಆಮೇಲೆ ಬಂದು ಕೂತು, "ಚೆನ್ನಾಗಿ ಹೊಲಿದಿದ್ದೀಯ" ಎಂದರು. ದನಿಯಲ್ಲಿ ಕೋಪವಿರಲಿಲ್ಲ. ಒಂದು ಮಾತು ಬೈದಿದ್ದರೆ ಅವಳು ಕಾಲು ಹಿಡಿಯಬಹುದಿತ್ತು.

ಮಾರನೆಯ ಬೆಳಿಗ್ಗೆ ಕತ್ತರಿ, ಸೂಜಿಗಳಿದ್ದ ಡಬ್ಬಿಯನ್ನು ಸೊಸೆಯ ಕೈಗಿಟ್ಟರು. "ನಿನಗೆ ಅಂಗಡೀಲಿ ಬೇಕಾಗುತ್ತೆ, ಇಟ್ಕೋ. ನನಗೆ ಕಣ್ಣು ಕಾಣಲ್ಲ."

ಅಷ್ಟು ವರ್ಷ ಬಾಯಿಗೆ ಬಾರದ ಮಾತು ಅಂದು ಬಂತು.

ಸೊಸೆ ಮಾಡದ ಪ್ರಯತ್ನವಿಲ್ಲ. ಒಳ್ಳೊಳ್ಳೆಯ ರೇಷ್ಮೆ ತುಂಡು ತಂದು ಮುಂದಿಟ್ಟಳು. ಗುಬ್ಬಿಯನ್ನು ಛೂ ಬಿಟ್ಟಳು. ಅತ್ತೆ ತುಂಡುಗಳನ್ನು ಮುಟ್ಟಿ ನೋಡಿ, "ನುಣುಪಾಗಿದೆ" ಎಂದು ಪಕ್ಕಕ್ಕಿಡುತ್ತಿದ್ದರು. ಇಡೀ ದಿನ ಬಾಲ್ಕನಿಯ ಕುರ್ಚಿಯಲ್ಲಿ ತೊಡೆಯ ಮೇಲೆ ಕೈ ಇಟ್ಟುಕೊಂಡು ಕೂತಿರುತ್ತಿದ್ದರು. ಅದನ್ನು ನೋಡಲಾರದೆ ಮಗ ಒಂದು ದಿನ, "ಅಮ್ಮ, ದಿಂಬಿಗೆ ತುಂಬೋಕೆ ಚಿಂದಿ ಬೇಕಿತ್ತು, ಹರಿದು ಕೊಡ್ತೀಯಾ?" ಎಂದು ಕೇಳಿದ. ಕೊಟ್ಟರು. ಅವತ್ತಿನಿಂದ ಅದೇ ಅವರ ಕೆಲಸವಾಯಿತು. ಚೀಲಗಟ್ಟಲೆ ಬಟ್ಟೆಯನ್ನು ಬೆರಳಗಲ ಹರಿಯುತ್ತಾ ಕೂರುವರು. ಅಂಗಡಿಯಿಂದ ಬರುವ ಸೊಸೆಗೆ ಮೆಟ್ಟಿಲಲ್ಲೇ ಆ ಪರ್ರೆನ್ನುವ ಸದ್ದು ಕೇಳಿಸುತ್ತಿತ್ತು. ಅಲ್ಲೇ ಸ್ವಲ್ಪ ಹೊತ್ತು ನಿಂತು ಆಮೇಲೆ ಒಳಗೆ ಹೋಗುವಳು.

ಒಮ್ಮೆ ಧೈರ್ಯ ಮಾಡಿ ಕೇಳಿದಳು. "ಅತ್ತೆ, ನನ್ನ ಮೇಲೆ ಬೇಜಾರಾ?"

"ಬೇಜಾರೇನಮ್ಮ. ಮಗು ನಾಲ್ಕು ಜನರ ಮುಂದೆ ಚೆನ್ನಾಗಿ ಕಾಣಬೇಕಲ್ವಾ."

"ನಿಮಗೆ ಹೇಳಬೇಕಿತ್ತು ನಾನು."

ಅತ್ತೆ ಕೈಯಲ್ಲಿದ್ದ ತುಂಡನ್ನು ಹರಿದು ಮುಗಿಸಿದರು. "ಹೇಳಿದ್ದರೆ ಎದುರಿಗೆ ಕೂತು ಇಬ್ಬರೂ ಹೊಲೀಬಹುದಿತ್ತು" ಎಂದರು. ಅದರ ಬಗ್ಗೆ ಅವರಿಬ್ಬರ ನಡುವೆ ನಡೆದ ಕೊನೆಯ ಮಾತು ಅದು.

ಇನ್ನೂ ಕೆಲವು ವರ್ಷ ಅತ್ತೆ ಬದುಕಿದ್ದರು. ಕೊನೆಗೆ ಬೆಳಕೂ ಕತ್ತಲೆಯೂ ಗೊತ್ತಾಗುತ್ತಿರಲಿಲ್ಲ. ಒಂದು ಚಳಿಗಾಲದಲ್ಲಿ ಜ್ವರ ಬಂದು ಎದೆಗೆ ಕಫ ಕಟ್ಟಿತು, ಮಗನ ಕೈ ಹಿಡಿದುಕೊಂಡೇ ಹೋದರು.

ಗುಬ್ಬಿ ಬೆಳೆದು ನರ್ಸಿಂಗ್ ಓದಲು ಬೇರೆ ಊರಿಗೆ ಹೊರಟಳು. ಹೊರಡುವ ಹಿಂದಿನ ಸಂಜೆ ಪೆಟ್ಟಿಗೆಗೆ ಬಟ್ಟೆ ತುಂಬುತ್ತಾ, "ಅಮ್ಮ, ಅಜ್ಜಿ ಹೊಲಿದದ್ದು ಏನಾದರೂ ಒಂದು ಕೊಡು, ತಗೊಂಡು ಹೋಗ್ತೀನಿ" ಎಂದಳು.

ತಾಯಿ ಬೀರು ತೆರೆದಳು. ಇದ್ದಬದ್ದದ್ದನ್ನೆಲ್ಲ ಹಾಸಿಗೆಯ ಮೇಲೆ ಹರವಿದಳು. ಮಂಚದ ಕೆಳಗಿನ ಪೆಟ್ಟಿಗೆ, ಅಟ್ಟದ ಮೇಲಿನ ಗಂಟು, ಎಲ್ಲವನ್ನೂ ಇಳಿಸಿದಳು. ಹಳೆಯ ಕಾಲದ ಹೊಲಿಗೆಯೆಲ್ಲ ಉಟ್ಟು ತೊಟ್ಟು ಸವೆದು ಯಾವತ್ತೋ ನೆಲ ಒರೆಸಲು ಹೋಗಿತ್ತು. ಉಳಿದವುಗಳಲ್ಲಿ ಒಂದರಲ್ಲೂ ಅತ್ತೆಯ ಕೈಯಿರಲಿಲ್ಲ. ಅಷ್ಟು ಅಚ್ಚುಕಟ್ಟಾಗಿ ಅವಳು ತನ್ನ ಕೆಲಸ ಮುಗಿಸಿದ್ದಳು. ರಾಶಿಯ ನಡುವೆ ಕೂತು ಮಗಳಿಗೆ ಎಲ್ಲವನ್ನೂ ಹೇಳಿದಳು.

ಗುಬ್ಬಿ ಕೇಳಿಸಿಕೊಂಡು, "ಯಾವ ಸ್ಕರ್ಟು?" ಎಂದಳು.

"ಅದೇ ಕಣೇ, ಹಸಿರು ಸ್ಕರ್ಟು. ವೇದಿಕೆ ಮೇಲೆ ಬಿಚ್ಚಿಕೊಂಡಿತ್ತಲ್ಲ, ಎಲ್ಲರೂ ನಕ್ಕರಲ್ಲ, ಅಳ್ತಾ ಬಂದೆಯಲ್ಲ ನೀನು."

ಗುಬ್ಬಿ ಬಹಳ ಯೋಚಿಸಿದಳು. "ಇಲ್ಲಮ್ಮ. ನನಗೆ ಅದು ನೆನಪೇ ಇಲ್ಲ."

ತಾಯಿ ಮಗಳ ಮುಖವನ್ನೇ ನೋಡುತ್ತಾ ಕೂತಳು. ಸಮಾಧಾನಕ್ಕೆ ಹೇಳಿದ ಮಾತೇನೋ ಎಂದು ಹುಡುಕಿದಳು. ಅಲ್ಲ, ನಿಜವಾಗಿಯೂ ನೆನಪಿರಲಿಲ್ಲ.

ಗುಬ್ಬಿ ರಾಶಿಯಿಂದ ಒಂದು ಹೊದಿಕೆ ಎತ್ತಿಕೊಂಡಳು. "ಇದು ಸಾಕು ಬಿಡು. ಹೊಲಿಗೆ ನಿಂದಾದರೂ ಬಟ್ಟೆ ಆರಿಸಿ ಜೋಡಿಸಿದ್ದು ಅಜ್ಜಿ ತಾನೆ?"

"ಕೆಲವು ತುಂಡು ನಾನು ಬದಲಾಯಿಸಿದ್ದೆ ಕಣೇ."

"ಯಾವುದು?"

ತಾಯಿ ಕನ್ನಡಕ ಹಾಕಿಕೊಂಡು ಹೊದಿಕೆಯನ್ನು ಮಡಿಲ ಮೇಲೆ ಹರಡಿಕೊಂಡಳು. ಹಳದಿಯ ಮೇಲೆ ಬೆರಳಿಟ್ಟಳು, ನೀಲಿಯ ಮೇಲೆ ಇಟ್ಟಳು, ಮತ್ತೆ ಹಳದಿಗೆ ಬಂದಳು. ಇದು ಅತ್ತೆ ಇಟ್ಟದ್ದೋ ತಾನಿಟ್ಟದ್ದೋ, ಎಷ್ಟು ನೋಡಿದರೂ ಹೇಳಲಾಗಲಿಲ್ಲ.

"ಗೊತ್ತಾಗ್ತಿಲ್ಲ" ಎಂದಳು.

ಗುಬ್ಬಿ ಹೊದಿಕೆಯನ್ನು ಮಡಿಸಿ ಪೆಟ್ಟಿಗೆಯ ಮೇಲ್ಭಾಗದಲ್ಲಿಟ್ಟು ಮುಚ್ಚಳ ಹಾಕಿದಳು. ಬೆಳಿಗ್ಗೆ ಅಪ್ಪ ಡಿಪೋಗೆ ಹೋಗುವ ಮೊದಲು ಪೆಟ್ಟಿಗೆಯನ್ನು ಕೆಳಗಿಳಿಸಿಕೊಟ್ಟ. ಬಸ್ ನಿಲ್ದಾಣದವರೆಗೆ ಪೆಟ್ಟಿಗೆಯ ಒಂದು ಹಿಡಿ ಮಗಳ ಕೈಯಲ್ಲಿ, ಒಂದು ಹಿಡಿ ತಾಯಿಯ ಕೈಯಲ್ಲಿ. ಬಸ್ಸು ಹೊರಟ ಮೇಲೆ ತಾಯಿ ಅಲ್ಲಿಂದಲೇ ಅಂಗಡಿಗೆ ನಡೆದಳು. ಅಂದು ಕೊಡಬೇಕಾಗಿದ್ದ ಬಟ್ಟೆಗಳು ಬಹಳವಿದ್ದವು.