ಹೊಸಮನಿ ಸರ್ ಮೂಗು

ಹೊಸಮನಿ ಸರ್ ಮೊಟ್ಟೆಯನ್ನೂ ಮುಟ್ಟದ ವಿಜಾಪುರದ ಲಿಂಗಾಯತರು. ಆದರೂ ಠಾಣೆಯ ಲೋಕಲ್ ರೈಲಿನಲ್ಲಿ ಒಮ್ಮೆ ಹೆಂಗಸೊಬ್ಬರು ಅವರ ಕೈಚೀಲದತ್ತ ಬಗ್ಗಿ, ಪಾಪ್ಲೆಟ್ ಮೀನು ಹೇಗೆ ಕೊಡುತ್ತೀರಿ ಎಂದು ಮರಾಠಿಯಲ್ಲಿ ಕೇಳಿದ್ದರಂತೆ. ಸರ್ ಒಂದಿಷ್ಟೂ ಅಳುಕದೆ, ಇವತ್ತಿನದು ಖಾಲಿ, ನಾಳೆ ಬರ್ರಿ ಅಂದರಂತೆ. ತಪ್ಪು ಅಮೈನಿನದು. ಹೊಗೆಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹಿಡಿದಿಟ್ಟುಕೊಳ್ಳುವ ಆ ದ್ರಾವಣಕ್ಕೆ ಹಳಸಿದ ಮೀನಿನ ವಾಸನೆ. ಅಂಗಿಗೆ ಹತ್ತಿದರೆ ಯಾವ ಸೋಪಿಗೂ ಬಗ್ಗುವುದಿಲ್ಲ.

ರಬಾಳೆಯ ನಮ್ಮ ಲ್ಯಾಬಿಗೆ ನಾನು ಪಕ್ಕದ ಕೋಪರಖೈರಣೆಯಿಂದ ಹೋಗುತ್ತಿದ್ದೆ, ಅವರು ದೂರದ ಕಲ್ಯಾಣದಿಂದ ಬರುತ್ತಿದ್ದರು, ಆದರೂ ನನಗಿಂತ ಮೊದಲೇ ಹಾಜರು. ಬಂದವರೇ ಸ್ಯಾಂಪಲ್ ಬಾಟಲಿಯ ಬೂಚು ತೆಗೆದು ಮೂಸುತ್ತಿದ್ದರು. ಡೊಂಬಿವಲಿಯ ನಮ್ಮ ಹೋಟೆಲಿನಲ್ಲಿ ಅಪ್ಪ ಸಾಂಬಾರಿನ ಮುಚ್ಚಳ ಎತ್ತಿ ಮೂಸುವ ಹಾಗೆಯೇ. 'ರಾಸಾಯನಿಕ ಮೂಸಬೇಡಿ' ಎಂಬ ಬೋರ್ಡಿಗೆ ತಮ್ಮ ಬುತ್ತಿಯ ಚೀಲ ನೇತುಹಾಕಿದ್ದರು ಮಹಾನುಭಾವರು! ಆದರೆ ಆ ಮೂಗನ್ನು ಆಡಿಕೊಳ್ಳಲು ನಮಗೆ ಬಾಯಿರಲಿಲ್ಲ. ದ್ರಾವಣ ಕೆಟ್ಟಿದೆ ಎಂದು ಅವರು ಇವತ್ತು ಅಂದರೆ, ರಿಪೋರ್ಟು ಅದನ್ನೇ ನಾಡಿದ್ದು ಹೇಳುತ್ತಿತ್ತು.

ನನಗೆ ಪಾಠ ಹೇಳಿದ್ದೂ ಅವರೇ. “ರೈಲ್ ಡಬ್ಬಿ ತುಂಬೇತಿ ಅಂದ್ರ ಸಾಲಂಗಿಲ್ಲವಾ ತಂಗಿ. ಸೀಟ್ ಹಿಡದವ್ರು ಎಷ್ಟು, ನಿಂತವ್ರು ಎಷ್ಟು, ಖಾಲಿ ಸೀಟ್ ಎಷ್ಟು, ಎಲ್ಲಾ ಎಣಸಬೇಕು.” ಅಮೈನಿಗೆ ಅಂಟಿ ಕೂತ ಅನಿಲ ಒಂದು ರೂಪ, ನೀರಿನಲ್ಲಿ ಬೈಕಾರ್ಬೊನೇಟಾಗಿ ನಿಂತದ್ದು ಇನ್ನೊಂದು, ಏನನ್ನೂ ಹಿಡಿಯದ ಖಾಲಿ ಅಮೈನ್ ಮೂರನೆಯದು. ಕಾಲೇಜಿನಲ್ಲಿ ಎರಡು ವರ್ಷ ಓದಿಯೂ ತಲೆಗೆ ಹೋಗದ್ದು ಒಂದು ಚಹಾದಲ್ಲಿ ಹೋಯಿತು. ಇನ್ನೊಂದು ಪಾಠವನ್ನಂತೂ ಬೈದೇ ಕಲಿಸಿದರು. “ಬಾಟ್ಲಿ ಕಂಠಮಟ ತುಂಬು, ಬೂಚು ಬಿಗಿ, ಬಿಸಿ ಇದ್ರ ಬರ್ಫದಾಗ ಇಡು. ತಣ್ಣಗಾಗೂಕಿಂತ ಮೊದ್ಲ ಬೂಚು ತೆಗದಿ ಅಂದ್ರ ಕೈ ಮುರೀತೀನಿ.”

ಅವರು ರಿಟೈರಾಗಿ ಆಗಲೇ ಮೂರು ವರ್ಷವಾಗಿತ್ತು. ವರ್ಷ ವರ್ಷ ಕಂಪನಿ ಮುಂದುವರಿಸುತ್ತಿತ್ತು, ಅಷ್ಟೇ. ಆಗ ಬಂತು ಯಂತ್ರ. ದ್ರಾವಣ ಹರಿಯುವ ಪೈಪಿನೊಳಗೇ ಬೆಳಕು ಬಿಟ್ಟು ನಿಮಿಷಕ್ಕೊಮ್ಮೆ ಅಳೆಯುವ ಜಂಬದ ಯಂತ್ರ. ಮ್ಯಾನೇಜರ್ ಸಾಠೆ ಖಡಾಖಂಡಿತ ಹೇಳಿಬಿಟ್ಟರು: ಒಂದು ವಾರ ಎರಡೂ ಅಳೆಯಲಿ, ಯಂತ್ರ ಸರಿಯಿದ್ದರೆ ಕೈಯಳತೆ ಬಂದ್. ಅಂದರೆ ಹೊಸಮನಿ ಸರ್ ಮನೆಗೆ.

ಯಂತ್ರ ದಿನವೂ ಅನಿಲ ಹೆಚ್ಚು ತೋರಿಸಿತು, ಸರ್ ಅಳತೆ ದಿನವೂ ಕಡಿಮೆ. “ಹೊಸ ಅಳಿಯಾ ಬಂದಾನ, ಬಡಾಯಿ ಕೊಚ್ಚಲಿ ಬಿಡ್ರಿ” ಎಂದು ಸರ್ ನಕ್ಕರು. ಲ್ಯಾಬೆಲ್ಲ ಅವರ ಪಕ್ಷ. ನಾನಂತೂ ಯಂತ್ರಕ್ಕೆ ಮನಸ್ಸಿನಲ್ಲೇ ಶಾಪ ಹಾಕುತ್ತಿದ್ದೆ.

ಸೋಮವಾರ ನಾನು ಕಣ್ಣಾರೆ ಕಂಡೆ. ಯಂತ್ರ ಕೂರಿಸಿದ್ದು ದ್ರಾವಣ ಬಿಸಿಯಾಗಿ ಹರಿಯುವ ಕಡೆ, ಹಾಗಾಗಿ ಸರ್‌ಗೂ ಸ್ಯಾಂಪಲ್ ಈಗ ಅಲ್ಲಿಂದಲೇ. ಹಿಂದೆಲ್ಲ ತಣ್ಣನೆಯ ಕಡೆಯಿಂದ ತರುತ್ತಿದ್ದುದರಿಂದ ಮೂಸಿದರೆ ಏನೂ ಆಗುತ್ತಿರಲಿಲ್ಲ. ಈಗ ಬರ್ಫದಲ್ಲಿಡುವ ಮೊದಲೇ ಬೂಚು ತೆಗೆದು ಮೂಗಿಗೆ ಹಿಡಿದರು, ಬಾಟಲಿ ಸೋಡಾದಂತೆ ಬುಸ್ಸೆಂದಿತು. ಅಳೆಯಬೇಕಾದ ಅನಿಲ ಅಳೆಯುವ ಮೊದಲೇ ಪರಾರಿ. ನನಗೆ ಕಲಿಸಿದ ನಿಯಮವನ್ನು ಸ್ವತಃ ಗುರುಗಳೇ ಮುರಿಯುತ್ತಿದ್ದರು, ಅದೂ ಗೊತ್ತಿಲ್ಲದೆ!

ಹೇಳಿದರೆ ಅವರ ಕೆಲಸ ಹೋಗುತ್ತದೆ. ನಾನು ಬಾಯಿಗೆ ಬೀಗ ಹಾಕಿಕೊಂಡೆ. ಮಂಗಳವಾರ, ಬುಧವಾರ ಊಟ ಸೇರಲಿಲ್ಲ. ಗುರುವಾರ ಸಾಠೆಯವರು ಯಂತ್ರವನ್ನು ವಾಪಸ್ ಕಳಿಸುವ ಪತ್ರ ಬರೆಯತೊಡಗಿದಾಗ ತಡೆಯಲಾಗದೆ ಹೊಸಮನಿ ಸರ್ ಹತ್ತಿರ ಹೋದೆ.

“ಸರ್, ನೀವು ಬಿಸಿ ಇರುವಾಗ್ಲೇ ಬೂಚು ತೆಗೀತೀರಲ್ಲ, ಗ್ಯಾಸ್ ಎಲ್ಲ ಅಲ್ಲೇ ಹೋಗ್ತದೆ ಮಾರಾಯ್ರೆ” ಅಂದೆ.

ಅವರು ಎದ್ದು ಆ ಬಿಸಿ ಪೈಪಿನ ಕಡೆ ಹೋದರು. ಎರಡು ಬಾಟಲಿ ತಂದರು. ಒಂದನ್ನು ಮೂಸಿದರು, ಇನ್ನೊಂದನ್ನು ಮೂಸದೆ ಬರ್ಫದಲ್ಲಿಟ್ಟರು. ಮೂಸದ ಬಾಟಲಿಯ ಲೆಕ್ಕ ಯಂತ್ರದ ಲೆಕ್ಕಕ್ಕೆ ಸರಿಹೋಯಿತು. “ಹೋಗ್ಗೊ!” ಎಂದು ಗಹಗಹಿಸಿ ನಕ್ಕು, ರಿಪೋರ್ಟಿನಲ್ಲಿ ಸ್ವಂತ ಕೈಯಿಂದ ಬರೆದರು: ಯಂತ್ರ ಸರಿ ಇದೆ, ಸ್ಯಾಂಪಲ್ ಕೆಡಿಸಿದವನು ನಾನು. ಸಾಠೆಯವರು ಎರಡು ಸಲ ಓದಿ, ಅವರ ಮುಖ ನೋಡಿ, ಸಹಿ ಹಾಕಿದರು.

ಕೊನೆಯ ದಿನ ರಬಾಳೆ ಸ್ಟೇಷನ್ನಿನವರೆಗೆ ಜೊತೆಗೆ ಹೋದೆ. ಪ್ಲಾಟ್‌ಫಾರ್ಮಿನ ಮೇಲೆ ನನಗೆ ಅಳು ತಡೆಯಲಾಗಲಿಲ್ಲ. “ನನ್ನಿಂದಾಗಿ ನಿಮ್ಮ ಕೆಲಸ ಹೋಯ್ತು, ಸರ್.”

“ನೀ ಹೇಳಿದ್ದಕ್ಕ ಸಿಟ್ಟಿಲ್ಲವಾ” ಅಂದರು. “ಸೋಮವಾರ ಕಂಡಿದ್ದನ್ನ ಗುರುವಾರತನಾ ಯಾಕ ಇಟ್ಕೊಂಡಿ? ಅಷ್ಟೂ ದಿನ ತಪ್ಪ ಲೆಕ್ಕಕ್ಕ ನಾ ಸಹಿ ಮಾಡಿದ್ನಲ್ಲ.”

“ನಿಮಗೆ ಬೇಜಾರಾಗ್ತದೆ ಅಂತ...”

“ಬ್ಯಾಸರಾ ನಂದು. ಅದನ್ನ ನೀ ಯಾಕ ತಡದು ಹಿಡದಿ?”

ಠಾಣೆ ಲೋಕಲ್ ಬಂತು. ಬಾಗಿಲಲ್ಲಿದ್ದವರನ್ನು ಮೊಣಕೈಯಿಂದ ಸರಿಸಿ ಹತ್ತಿದರು, ತಿರುಗಿ ನೋಡಲಿಲ್ಲ. ಮುಂದಿನ ವರ್ಷ ಅವರ ಮಗ ಫೋನ್ ಮಾಡಿ, ಅಪ್ಪ ಹೋದರು ಎಂದು ತಿಳಿಸಿದ.

ಈಗ ಲ್ಯಾಬ್ ನೋಡಿಕೊಳ್ಳುವವಳು ನಾನು. ಯಾರ ತಪ್ಪು ಕಂಡರೂ ನಿಂತ ಕಾಲಲ್ಲೇ ಹೇಳಿಬಿಡುತ್ತೇನೆ. ಹಾಗಾಗಿ ಇಲ್ಲಿ ಯಾರಿಗೂ ನನ್ನನ್ನು ಕಂಡರೆ ಆಗುವುದಿಲ್ಲ. ಅವರೊಬ್ಬರಿಗೆ ಆಗುತ್ತಿತ್ತು, ಅವರೇ ಇಲ್ಲ.