ಕೊನೆಯ ಸಾಲಿನವರೆಗೂ ಕೂರಿಸುವ ರಂಶೀನಾ

ಬಂದ್ಯೋಡು ಪೇಟೆ ಇನ್ನೂ ಎಚ್ಚರಗೊಂಡಿಲ್ಲ. ಹೆದ್ದಾರಿಯಲ್ಲಿ ಮೀನಿನ ಟೆಂಪೊಗಳದ್ದೇ ಓಡಾಟ. ಪೇಟೆಯ ಹಿಂಬದಿಯ ಮನೆಯೊಂದರ ಅಡುಗೆಕೋಣೆಯಲ್ಲಿ ರಂಶೀನಾ ನೆಲದ ಮೇಲೆ ಕೂತು, ಮೊಬೈಲಿನಲ್ಲಿ ತಾವು ಕನ್ನಡದಲ್ಲಿ ಬರೆದದ್ದನ್ನು ಬ್ಯಾರಿ ಭಾಷೆಗೆ ತಿರುಗಿಸುತ್ತ ಗಟ್ಟಿಯಾಗಿ ಓದುತ್ತಿದ್ದಾರೆ. ಕೇಳುವವರು ಅತ್ತೆ ಉಮ್ಮಾಲಿಮ್ಮ, ಸೊಸೆಯ ಬಾಯಲ್ಲಿ ‘ಉಮ್ಮ’. ಅಕ್ಕಿರೊಟ್ಟಿ ತಟ್ಟುತ್ತಿರುವ ಅವರ ಕೈ ಒಂದು ವಾಕ್ಯಕ್ಕೆ ನಿಂತುಬಿಡುತ್ತದೆ. ರಂಶೀನಾ ಮುಖ ಅರಳುತ್ತದೆ. ಮುಂದಿನ ಪ್ಯಾರಾಕ್ಕೆ ಕೈ ಮತ್ತೆ ತಟ್ಟತೊಡಗುತ್ತದೆ. ಆ ಪ್ಯಾರಾವನ್ನು ರಂಶೀನಾ ಅಲ್ಲೇ ಅಳಿಸಿಹಾಕುತ್ತಾರೆ!

ಕಾಸರಗೋಡಿನ ಕನ್ನಡ ಸುದ್ದಿ ಜಾಲತಾಣವೊಂದರಲ್ಲಿ ಊರಿನ ಸಂಗತಿಯನ್ನು ಓದಲು ತೊಡಗಿ, ಚಾ ತಣ್ಣಗಾದದ್ದೂ ತಿಳಿಯದೆ ನೀವು ಮುಗಿಸಿದ್ದರೆ, ಅದು ಬಹುಶಃ ಇವರದ್ದೇ. ಹೆಸರು ಮಾತ್ರ ಎಲ್ಲೂ ಇಲ್ಲ.

ಕನ್ನಡ ಮಾಧ್ಯಮದಲ್ಲಿ ಕಲಿತ ರಂಶೀನಾ ಬರೆದ ಮೊದಲ ಲೇಖನವನ್ನು ಜನ ತೆರೆದ ಕೂಡಲೇ ಮುಚ್ಚಿದ್ದರು. ಯಾರು ಎಷ್ಟು ಹೊತ್ತು ಓದಿದರೆಂಬುದು ಸಂಪಾದಕರಿಗೆ ಕಾಣುತ್ತದೆ. “ಅತ್ತುಬಿಟ್ಟೆ. ಉಮ್ಮನಿಗೆ ಓದಿ ಹೇಳಿದರೆ ಅವರೂ ನಡುವೆ ಎದ್ದು ಹೋದರು. ‘ಯಾರಿಗೆ ಎಂತ ಆಯಿತು, ಅದನ್ನು ಮೊದಲು ಹೇಳು’ ಅಂದರು. ನನಗೆ ಅಷ್ಟೇ ಪಾಠ.”

ಕಳೆದ ಮಳೆಗಾಲದಲ್ಲಿ ಆ ಪಾಠ ಒಂದು ಜೀವದ ಪ್ರಶ್ನೆಯಾಯಿತು. ನೆನಪು ಮಾಸಿದ್ದ ಹೊನ್ನಯ್ಯ ಎಂಬ ಹಿರಿಯ ದರ್ಜಿ, ಮಗಳು ಪೂಜಾಶ್ರೀ ಜೊತೆ ಕಾಸರಗೋಡು ವಿದ್ಯಾನಗರದ ಸರಕಾರಿ ಕಚೇರಿಗೆ ಬಂದವರು, ಜನಜಂಗುಳಿಯಲ್ಲಿ ಕಾಣೆಯಾದರು. ಎತ್ತರ, ಮೈಬಣ್ಣ, ಅಂಗಿಯ ಬಣ್ಣ ಬರೆದ ಪ್ರಕಟಣೆ ಎಲ್ಲರ ಮೊಬೈಲಿಗೂ ಹೋಯಿತು. ಯಾರೂ ಗಮನಿಸಲಿಲ್ಲ.

ರಂಶೀನಾ ಪೂಜಾಶ್ರೀಗೆ ಫೋನ್ ಮಾಡಿ ಕೇಳಿದ್ದು ಒಂದೇ: “ಅಪ್ಪ ಸುಮ್ಮನೆ ಕೂತಾಗ ಎಂತ ಮಾಡ್ತಾರೆ?”

“ಪಕ್ಕದವರ ಬಟ್ಟೆಯ ಅಂಚು ಮುಟ್ಟಿ ನೋಡ್ತಾರೆ,” ಎಂದಳು ಮಗಳು. “ಹೊಲಿಗೆ ಬಿಟ್ಟಿದ್ದರೆ ‘ಸೂಜಿ ಉಂಟಾ?’ ಅಂತ ಕೇಳ್ತಾರೆ.”

ಲೇಖನ ಹೀಗೆ ಶುರುವಾಯಿತು: “ಗುರುತಿಲ್ಲದ ಅಜ್ಜ ಒಬ್ಬರು ನಿಮ್ಮ ಅಂಗಿಯ ತೋಳು ಹಿಡಿದರೆ ಸಿಟ್ಟಾಗಬೇಡಿ. ಅವರು ಹೊಲಿಗೆ ನೋಡುತ್ತಿದ್ದಾರೆ.” ಸಂಪಾದಕ ನಿಸಾಮುದ್ದೀನ್ ‘ಬೆಚ್ಚಿಬೀಳುವಿರಿ’ ಎಂಬ ಶೀರ್ಷಿಕೆ ಕೇಳಿದರು. ಇವರು ಒಪ್ಪಲಿಲ್ಲ. “ಮನೆಗೆ ಕರೆದು ಚಾ ಕೊಡದೆ ಕಳಿಸಿದ ಹಾಗಾಗ್ತದೆ. ಅಂಥವರ ಮನೆಗೆ ಯಾರು ಮತ್ತೆ ಬರ್ತಾರೆ?”

ಬದಿಯಡ್ಕದಲ್ಲಿ ಹೋಟೆಲ್ ಇಟ್ಟಿರುವ ಜನಾರ್ದನ ಅದನ್ನು ಓದುತ್ತ ಓದುತ್ತ ಎದ್ದುನಿಂತರು. “ಹಿಂದಿನ ದಿನದಿಂದ ನಮ್ಮ ಜಗಲಿಯಲ್ಲಿ ಒಬ್ಬರು ಕೂತಿದ್ದರು. ಯಾರನ್ನೋ ಕಾಯ್ತಾ ಇದ್ದಾರೆ ಅಂತ ನಾನೇ ಚಾ, ಊಟ ಕೊಟ್ಟಿದ್ದೆ. ನನ್ನ ಲುಂಗಿಯ ಅಂಚು ಹಿಡಿದು ಸೂಜಿ ಕೇಳಿದ್ದರು ಮಾರಾಯ್ರೆ! ಮೊದಲ ಪ್ರಕಟಣೆ ನನಗೂ ಬಂದಿತ್ತು. ಓದಿರಲಿಲ್ಲ.”

ಪೂಜಾಶ್ರೀ ಜೀಪಿನಿಂದ ಇಳಿದು ಓಡಿಬಂದಾಗ ಹೊನ್ನಯ್ಯನವರಿಗೆ ಮಗಳ ಹೆಸರು ಹೊಳೆಯಲಿಲ್ಲವಂತೆ. ಅವಳ ಚೂಡಿದಾರದ ತೋಳನ್ನು ಬೆರಳಲ್ಲಿ ಸವರಿ, “ಇದು ನಾನು ಹೊಲಿದದ್ದು” ಎಂದರಂತೆ.

ಸಾವಿರಾರು ಜನ ಬೆರಳಲ್ಲಿ ಸರಿಸಿಬಿಟ್ಟಿದ್ದ ಒಬ್ಬ ಮನುಷ್ಯನನ್ನು, ಅಡುಗೆಕೋಣೆಯಲ್ಲಿ ಕೂತು ಬರೆದ ನಾಲ್ಕು ಪ್ಯಾರಾಗಳು ಮನೆಗೆ ಮುಟ್ಟಿಸಿವೆ.

ಇನ್ನಾದರೂ ಹೆಸರು ಹಾಕಿಸಿಕೊಳ್ಳಬಾರದೇ ಎಂದರೆ ನಕ್ಕು ಬೇಡವೆಂದು ತಲೆಯಾಡಿಸುತ್ತಾರೆ. ಹಾಗಾದರೆ ಆಸೆಯೇ ಇಲ್ಲವೇ?

“ಒಂದುಂಟು. ಬಸ್ಸಿನಲ್ಲಿ ಪಕ್ಕದ ಸೀಟಿನವರು ನಾನು ಬರೆದದ್ದನ್ನು ಓದ್ತಾ ಇರಬೇಕು. ನನ್ನ ಗುರುತು ಅವರಿಗೆ ಇರಬಾರದು. ಓದ್ತಾ ಅವರ ಸ್ಟಾಪ್ ದಾಟಿಹೋಗಬೇಕು,” ಎನ್ನುತ್ತ ತಟ್ಟನೆ ನಾಚುತ್ತಾರೆ. “ಪಾಪ, ಒಂದೇ ಸ್ಟಾಪ್ ಸಾಕು.”