ಕೊತ್ತತ್ತಿಯ ಜಗಲಿಗೆ ಬಂದ ಮೊಹಾಕ್

ದೆವ್ವ, ಶಕುನ, ಕನಸಿನಲ್ಲಿ ಬಂದು ಮಾತಾಡಿಸಿದ ಅಜ್ಜ, ಇಂಥ ಮಾತು ಎದ್ದ ಕೂಡಲೇ ಎಲೆಅಡಿಕೆ ತರುತ್ತೇನೆಂದು ಎದ್ದು ಹೋಗುವವನು ನಾನು. ಸಿಟ್ಟಿನಿಂದಲ್ಲ, ಸುಸ್ತಿನಿಂದ. ದಿನವಿಡೀ ನಾಲೆ ನೀರಿನ ತಕರಾರು ಅರ್ಜಿಗಳನ್ನು ಓದುವ ಗುಮಾಸ್ತನಿಗೆ ಬದುಕಿರುವವರ ಕಾಟವೇ ಸಾಕಾಗಿತ್ತು. ಸತ್ತವರಿಗೆ ಕೊಡಲು ನನ್ನಲ್ಲಿ ಹೊತ್ತಿರಲಿಲ್ಲ. ಅಂಥವನು ಈಗ ಇದನ್ನು ಬರೆಯಲು ಕೂತಿದ್ದೇನೆ. ನಂಬಿ ಎಂದು ಓದುಗರನ್ನು ಬೇಡುವುದಿಲ್ಲ. ನಾನೇ ಇನ್ನೂ ಪೂರ್ತಿ ನಂಬಿಲ್ಲ.

ಎಪ್ಪತ್ತರ ದಶಕದ ಮಾತು. ಮಂಡ್ಯದಲ್ಲಿ ಕೆಲಸ. ಭಾನುವಾರ ಊಟ ಮುಗಿಸಿ ಬಸ್ಸು ಹತ್ತಿ ಕೊತ್ತತ್ತಿಗೆ ಹೋಗುತ್ತಿದ್ದೆ. ಅಲ್ಲಿ ನಿಂಗೇಗೌಡನ ಮನೆಯ ಜಗಲಿಯ ಮೇಲೆ ನಮ್ಮ ವಾಯುಪಡೆ ಸಮಾವೇಶಗೊಳ್ಳುತ್ತಿತ್ತು. ವಾಯುಪಡೆಯೆಂದರೆ ಭತ್ತ, ಕಬ್ಬು ಬೆಳೆಯುತ್ತಿದ್ದ ನಿಂಗೇಗೌಡ, ಮದ್ದೂರಿನಿಂದ ಬರುತ್ತಿದ್ದ ಡ್ರಾಯಿಂಗ್ ಮೇಷ್ಟ್ರು ಶೇಷಪ್ಪ ಮತ್ತು ನಾನು. ನಾಲ್ಕನೆಯವನಿಗೆ ಮಳವಳ್ಳಿಗೆ ವರ್ಗವಾಗಿ ಚಾಪೆಯ ಒಂದು ಮಗ್ಗುಲು ಖಾಲಿ ಬಿದ್ದಿತ್ತು.

ನಮ್ಮ ಯುದ್ಧ ಚೌಕಾಬಾರದಿಂದ ಹುಟ್ಟಿದ್ದು. ರಟ್ಟಿನ ಮೇಲೆ ಮನೆಗಳನ್ನು ಬರೆದು, ಬಳೆಚೂರು ಹುಣಿಸೆಬೀಜದ ಬದಲು ಮರದ ಪುಟ್ಟ ವಿಮಾನಗಳನ್ನು ಕಾಯಿ ಮಾಡಿಕೊಂಡಿದ್ದೆವು. ಎಲ್ಲವೂ ಎರಡನೆಯ ಮಹಾಯುದ್ಧದ ವಿಮಾನಗಳು; ಮೇಷ್ಟ್ರೇ ಕೆತ್ತಿ ಬಣ್ಣ ಹಚ್ಚಿದ್ದು. ಕವಡೆ ಹಾಕಿ, ಬಿದ್ದಷ್ಟು ಮನೆ ನಡೆಸಿ, ಸುತ್ತು ಮುಗಿಸಿ ನಡುಮನೆ ಸೇರಿದರೆ ವಿಮಾನ ಕ್ಷೇಮವಾಗಿ ಇಳಿದ ಹಾಗೆ. ದಾರಿಯಲ್ಲಿ ಬೇರೆಯವರ ಕಾಯಿ ಬಂದು ಕಡಿದರೆ ಸತ್ತ ಹಾಗೆ. ಚೌಕಾಬಾರದಂತೆ ಮತ್ತೆ ಹುಟ್ಟುವ ಸೌಕರ್ಯ ಇರಲಿಲ್ಲ. ಯುದ್ಧವೆಂದರೆ ಯುದ್ಧ.

ಪ್ರತಿ ವಿಮಾನಕ್ಕೂ ಒಬ್ಬ ಪೈಲಟ್ಟಿನ ಹೆಸರು ಇಡುವುದು ಪದ್ಧತಿ. ಮೊದಲು ಗುರುತಿನವರ ಹೆಸರನ್ನೇ ಇಡುತ್ತಿದ್ದೆವು. ಒಮ್ಮೆ ನನ್ನ ಮೇಲಧಿಕಾರಿಯ ಹೆಸರಿನ ವಿಮಾನವನ್ನು ನಾನು ಬಹಳ ಸಂತೋಷದಿಂದ ಕಡಿದೆ. ಮರುವಾರ ಅವರು ಮೆಟ್ಟಿಲಿನಿಂದ ಉರುಳಿ ಕಾಲು ಮುರಿದುಕೊಂಡರು. ಕಾಕತಾಳೀಯವೆಂದು ನಾನು ಎಷ್ಟು ವಾದಿಸಿದರೂ ಮೇಷ್ಟ್ರು ಬಿಡಲಿಲ್ಲ. ಅಂದಿನಿಂದ ಕಾನೂನಾಯಿತು: ಬದುಕಿರುವವರ ಹೆಸರನ್ನು ಕಾಯಿಗೆ ಇಡತಕ್ಕದ್ದಲ್ಲ.

ಎಲ್ಲರಿಗೂ ಗೊತ್ತಿರುವ ಸ್ಪಿಟ್‌ಫೈರ್, ಹರಿಕೇನ್‌ಗಳನ್ನೇ ನಡೆಸಿ ನಡೆಸಿ ಬೇಸರ ಬಂದಿದ್ದ ಒಂದು ಭಾನುವಾರ ನಿಂಗೇಗೌಡ, "ಮೊಹಾಕ್ ಅಂತ ಒಂದಿತ್ತು, ಅದ ಸೇರ್ಸನ" ಎಂದ.

"ಅಂಥ ವಿಮಾನವೇ ಇಲ್ಲ ಕಣಯ್ಯ," ಎಂದರು ಮೇಷ್ಟ್ರು.

"ನಿಮಗ್ ಗೊತ್ತಿಲ್ದಿದ್ರೆ ಇಲ್ವಾ ಮೇಷ್ಟ್ರೇ? ನಮ್ಮಣ್ಣ ಬೆಂಗ್ಳೂರಲ್ಲಿ ಅದುನ್ನ ಜೋಡ್ಸೋ ಕೆಲ್ಸದಲ್ಲಿದ್ದ. ಮೂತಿ ಕುಂಬಳಕಾಯ್ ಇದ್ದಂಗೆ ಅಂತಿದ್ದ."

ನಿಂಗೇಗೌಡನ ಅಣ್ಣ ಸಿದ್ದೇಗೌಡ ಅದೇ ವಿಮಾನಗಳ ಹಿಂದೆ ಬರ್ಮಾ ಗಡಿಯ ಕಡೆಗೆ ಹೋದವನು, ಹಿಂದಿರುಗಲಿಲ್ಲ. ಕಾಣೆಯಾಗಿದ್ದಾನೆ ಎಂದಷ್ಟೇ ಸುದ್ದಿ. ಅವನ ಹೆಂಡತಿ ಜವರಮ್ಮ ಅಂದಿನಿಂದಲೂ ಅದೇ ಮನೆಯಲ್ಲಿ, ಹಣೆಯ ಕುಂಕುಮ, ಕೈಯ ಬಳೆ ಹಾಗೆಯೇ ಇಟ್ಟುಕೊಂಡು ಇದ್ದರು. ಪಿತೃಪಕ್ಷ ಬಂದಾಗಲೆಲ್ಲ ಮನೆಯಲ್ಲಿ ಜಗಳ. ಸಿದ್ದೇಗೌಡನಿಗೂ ಎಡೆ ಇಡಬೇಕೆಂದು ಹಿರಿಯರು. ಬದುಕಿರುವವರಿಗೆ ಎಡೆ ಇಟ್ಟವರ ಕೈ ಮುರಿಯುತ್ತೇನೆಂದು ಜವರಮ್ಮ. ಸುಮಾರು ಮೂವತ್ತು ವರ್ಷ ಹೀಗೇ ನಡೆದಿತ್ತು.

ಮಂಡ್ಯದಲ್ಲಿ ರದ್ದಿ ಕಾಗದದ ನಡುವೆ ಸಿಕ್ಕ ಹಳೆಯ ಪತ್ರಿಕೆಯೊಂದರಲ್ಲಿ ನನಗೆ ಮೊಹಾಕಿನ ಚಿತ್ರ ಕಂಡಿತು. ಮೂತಿ ಕುಂಬಳಕಾಯಿಯೇ. ಸೋತ ಮೇಷ್ಟ್ರು ಸೋಲಿನ ಕಾಣಿಕೆಯಾಗಿ ಅದನ್ನು ಚೆನ್ನಾಗಿಯೇ ಕೆತ್ತಿ ತಂದರು. ವೇಗ ಕಡಿಮೆ, ತಿರುಗುವುದರಲ್ಲಿ ಗಟ್ಟಿಗ ಎಂದು ಅದಕ್ಕೆ ಪಕ್ಕಕ್ಕೆ ಒಂದು ಮನೆ ಸರಿಯುವ ಹಕ್ಕು ಕೊಟ್ಟೆವು. ಹೆಸರೊಂದು ಉಳಿಯಿತು.

"ನಮ್ಮಣ್ಣನ್ ಎಸ್ರಿಡಿ," ಎಂದ ನಿಂಗೇಗೌಡ.

ಮೇಷ್ಟ್ರು ಕೆಮ್ಮಿದರು. ಕಾನೂನು ಎಲ್ಲರಿಗೂ ನೆನಪಿತ್ತು.

"ಗೊತ್ತು ಬುಡಿ. ಎಷ್ಟ್ ವರ್ಸ ಅಂತ ಕಾಯದು? ನಂಗೂ ಸಾಕಾಗದೆ."

ಬಾಗಿಲಲ್ಲಿ ಬಳೆ ಸದ್ದಾಯಿತು. ಜವರಮ್ಮ ಮಜ್ಜಿಗೆ ಚೊಂಬು ಹಿಡಿದು ನಿಂತಿದ್ದರು. ಈಗ ಚೊಂಬು ನಮ್ಮ ತಲೆಯ ಮೇಲೆ ಇಳಿಯುತ್ತದೆಂದು ನಾನು ಟೋಪಿ ಸರಿಮಾಡಿಕೊಂಡೆ. ಅವರು ಚೊಂಬನ್ನು ಕೆಳಗಿಟ್ಟು, ಮಳವಳ್ಳಿಗೆ ಹೋದವನ ಖಾಲಿ ಮಗ್ಗುಲಲ್ಲಿ ಬಂದು ಕೂತರು.

"ಇಕ್ರಪ್ಪ, ಅವ್ರ್ ಎಸ್ರೇ ಇಕ್ಕಿ. ಆದ್ರೆ ಆಡೋಳು ನಾನು. ನೀವು ಕಡದ್ರೆ ಎಡೆನೂ ಇಕ್ಕಿ, ನಾನು ತಡಿಯಾಕಿಲ್ಲ. ಮನೆ ಸೇರುದ್ರೆ ಇನ್ಯಾವತ್ತೂ ನನ್ನ ಕೇಳ್ಬ್ಯಾಡಿ."

ನಮ್ಮ ಮೂವರ ಕಾಯಿಗಳು ಸೇರಿ ಒಂದು ದಂಡೇ ಇತ್ತು. ಅವರದು ಒಂದೇ ವಿಮಾನ. ನಾನೂ ಮೇಷ್ಟ್ರೂ ಬೇಕೆಂದೇ ದೂರ ದೂರ ಆಡಿದೆವು. ನಿಂಗೇಗೌಡ ಮಾತ್ರ ಕಡಿಯಲೆಂದೇ ಆಡಿದ. ಅವನನ್ನು ನಾನು ದೂರುವುದಿಲ್ಲ. ಅವನ ಮುಖದಲ್ಲಿ ದ್ವೇಷ ಇರಲಿಲ್ಲ, ದಣಿವಿತ್ತು.

ಇನ್ನು ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ. ಜವರಮ್ಮ ಮೊದಲು ಕಾಯಿ ನಡೆಸಿ, ಆಮೇಲೆ ಕವಡೆ ಹಾಕಿದರು. ಮೂರು ಮನೆ ನಡೆಸಿದರು; ಕವಡೆ ಮೂರು ಬಿತ್ತು.

"ಅಮ್ಮಾ, ಕವಡೆ ಮೊದಲು, ಕಾಯಿ ಆಮೇಲೆ," ಎಂದರು ಮೇಷ್ಟ್ರು.

"ಬರೋ ದಾರಿ ಅವ್ರಿಗೆ ಗೊತ್ತದೆ ಕಣಪ್ಪ. ಕವಡೆ ನಿಮ್ ಸಮಾಧಾನಕ್ಕೆ."

ಮುಂದಿನ ಸಲ ಒಂದು ಮನೆ, ಒಂದೇ ಬಿತ್ತು. ನಾಲ್ಕು ನಡೆಸಿದರು, ಚೌಕ ಬಿತ್ತು. ಮೇಷ್ಟ್ರು ಕವಡೆಗಳನ್ನು ತಾವೇ ತೆಗೆದು, ಹಿಂದೆ ಮುಂದೆ ನೋಡಿ, ಒರೆಸಿ ಕೊಟ್ಟರು. ಆಗಲೂ ಹಾಗೆಯೇ. ಒಮ್ಮೆ ನಿಂಗೇಗೌಡನ ಕಾಯಿ ಮೊಹಾಕಿನ ಬೆನ್ನಿಗೇ ಬಂತು. ಜವರಮ್ಮ ಮೊಹಾಕನ್ನು ಮೆಲ್ಲಗೆ ಪಕ್ಕದ ಮನೆಗೆ ಸರಿಸಿದರು, ಮಲಗಿದ ಮಗುವನ್ನು ಬಿಸಿಲಿನಿಂದ ಸರಿಸುವ ಹಾಗೆ. ನಿಂಗೇಗೌಡ ಬೆವರು ಒರೆಸಿಕೊಂಡ.

ಕೊನೆಗೆ ನಡುಮನೆಗೆ ಎಂಟು ಮನೆ ಬಾಕಿ. ಎಂಟು ಬೇಕೆಂದರೆ ನಾಲ್ಕು ಕವಡೆಯೂ ಬೋರಲು ಬೀಳಬೇಕು. ಜವರಮ್ಮ ಒಂದೊಂದೇ ಮನೆ ಮುಟ್ಟಿಸುತ್ತಾ ಮೊಹಾಕನ್ನು ಒಯ್ದು ನಡುಮನೆಯಲ್ಲಿ ಇಟ್ಟರು. ಕೈ ಎತ್ತಿ ಕವಡೆ ಚೆಲ್ಲಿದರು.

ಆಗ ಸದ್ದು ಬಂತು. ಕಬ್ಬಿನ ಗದ್ದೆಗಳ ಕಡೆಯಿಂದ, ದಪ್ಪನೆಯ, ನಡುನಡುವೆ ತಡೆದು ತಡೆದು ಗುಡುಗುವ ಎಂಜಿನ್ನಿನ ಸದ್ದು. ಮನೆಯ ಹೆಂಚಿನ ಮೇಲೇ ಹಾದುಹೋದಂತೆ ಬಂತು. ಕೋಳಿಗಳೆಲ್ಲ ಚೀರಿ ಜಗಲಿಗೆ ನುಗ್ಗಿದವು. ನಾವು ಮೂವರೂ ಅಂಗಳಕ್ಕೆ ಓಡಿದೆವು. ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಒಂದು ಹದ್ದು ಕೂಡ ಇರಲಿಲ್ಲ. ಸದ್ದು ಹಿತ್ತಿಲ ಕಡೆ ತಗ್ಗಿ, ಇಳಿದು, ನಿಂತೇಹೋಯಿತು. ದೂರ ಹೋಗಿ ಅಡಗಲಿಲ್ಲ, ನಿಂತಿತು.

ಹಿಂದಕ್ಕೆ ಬಂದಾಗ ಜವರಮ್ಮ ಒಳಗೆ ಹೋಗಿದ್ದರು. ಕವಡೆಗಳನ್ನು ಕೋಳಿಗಳು ಕೆದರಿ ಚೆಲ್ಲಾಡಿದ್ದವು. ಎಂಟು ಬಿದ್ದಿತ್ತೋ ಇಲ್ಲವೋ ನಮ್ಮಲ್ಲಿ ಯಾರೂ ನೋಡಿರಲಿಲ್ಲ. ಮೊಹಾಕ್ ಮಾತ್ರ ಕದಲದೆ ನಡುಮನೆಯಲ್ಲಿ ಕೂತಿತ್ತು.

ಆ ವರ್ಷದ ಪಿತೃಪಕ್ಷಕ್ಕೆ ನಿಂಗೇಗೌಡ ಬಾಯಿ ಬಿಡಲಿಲ್ಲ, ಮಾತು ಮಾತೇ. ಜವರಮ್ಮನೇ ಮುಂದಾಗಿ ಹೊಸ ಪಂಚೆ ತರಿಸಿ, ಗಂಡನಿಗೆಂದು ಒಂದು ಎಲೆ ಹಾಕಿ ಎಡೆ ಇಟ್ಟರಂತೆ. ಬಿಸಿನೀರು ಕಾಯಿಸಿ ಹಿತ್ತಿಲ ಬಾಗಿಲಲ್ಲೂ ಒಂದು ಚೊಂಬು ಇಟ್ಟಿದ್ದರಂತೆ. ನಿಂಗೇಗೌಡ ತಡೆಯಲಾರದೆ, "ಅತ್ತಿಗೆಮ್ಮ, ಗೆದ್ದೋರು ನೀವು. ಮತ್ತೆ ಇದ್ಯಾಕೆ?" ಎಂದು ಕೇಳಿದ್ದಾನೆ.

"ಬಂದೋರ್ಗೆ ಉಣ್ಣಕ್ ಇಕ್ಬೇಕಲ್ವಪ್ಪ," ಎಂದರಂತೆ.

ಕುಂಕುಮ ಅಳಿಸಲಿಲ್ಲ, ಬಳೆ ತೆಗೆಯಲಿಲ್ಲ. ಕೇಳುವ ಧೈರ್ಯ ಊರಲ್ಲಿ ಯಾರಿಗೂ ಬರಲಿಲ್ಲ.

ಮೇಷ್ಟ್ರು ಆಮೇಲೆ, ಅದು ಕಬ್ಬಿನ ಗಾಣದ ಎಂಜಿನ್ನು ಎಂದರು. ಆ ತಿಂಗಳಲ್ಲಿ ಗಾಣ ಆಡುವುದಿಲ್ಲ ಎಂಬುದು ಅವರಿಗೂ ಗೊತ್ತು. ನಾನು ಕಾಕತಾಳೀಯ ಎಂದು ನೋಡಿದೆ. ಒಂದು ಸಲಕ್ಕೆ ಸರಿಹೋಗುವ ಮಾತು ಕವಡೆ ಬಿದ್ದ ಅಷ್ಟೂ ಸಲಕ್ಕೆ ಸಾಲದೆ ಬಂತು. ಆ ಆಟವನ್ನು ನಾವು ಮತ್ತೆ ಆಡಲಿಲ್ಲ. ಕೊನೆಯ ಕವಡೆಯ ಲೆಕ್ಕ ತೀರ್ಮಾನವಾಗದೆ ಮೊಹಾಕನ್ನು ನಡುಮನೆಯಿಂದ ಎತ್ತುವ ಅಧಿಕಾರ ನಮ್ಮಲ್ಲಿ ಯಾರಿಗೂ ಇರಲಿಲ್ಲ. ರಟ್ಟನ್ನು ಹಾಗೆಯೇ, ವಿಮಾನ ಅಲುಗದಂತೆ, ಮೂವರೂ ಹಿಡಿದು ಅಟ್ಟಕ್ಕೆ ಏರಿಸಿದೆವು.